ವಲ್ಲಿಯ ಕೆಳಗಿನ ಕೈ

ನಮ್ಮ ದೊಡ್ಡಪ್ಪ ತೀರಿಕೊಂಡಾಗ ಹುಬ್ಬಳ್ಳಿಯ ಹತ್ತಿ ಪೇಟೆ ಅರ್ಧ ದಿನ ಬಾಗಿಲು ಹಾಕಿತ್ತು. ಶಿವಗಣಾರಾಧನೆಯ ದಿನ ಕಮರಿಪೇಟೆಯ ನಮ್ಮ ಮನೆಯ ಮುಂದೆ ಹಂದರ ಹಾಕಿದ್ದರು. ಊಟಕ್ಕೆ ಮೊದಲು ಪೇಟೆಯ ಹಿರಿಯರು ಒಬ್ಬೊಬ್ಬರಾಗಿ ಎದ್ದು ಮಾತಾಡಿದರು. ಒಬ್ಬರು ಅವರನ್ನು ಧರ್ಮಾತ್ಮ ಎಂದರು. ಇನ್ನೊಬ್ಬರು ಅವರಂಥ ಮಾತಿನ ಮನುಷ್ಯ ಈ ಪೇಟೆಯಲ್ಲಿ ಮತ್ತೆ ಹುಟ್ಟುವುದಿಲ್ಲ ಎಂದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೊಬ್ಬನೇ. ಮೇಲಾಗಿ ದೊಡ್ಡಪ್ಪ ಕೈಯಾರೆ ತಯಾರು ಮಾಡಿದ ಮನುಷ್ಯ. ನಾನು ಎದ್ದು ನಿಂತು, "ದೊಡ್ಡಪ್ಪನವರ ಬಗ್ಗೆ ಹೇಳೂದು ಭಾಳ ಐತ್ರಿ. ಈಗ ಊಟಕ್ಕ ಹೊತ್ತಾಗೇತಿ" ಎಂದು ಕೂತುಬಿಟ್ಟೆ. ದುಃಖ ತಡೆಯಲಾರದೆ ಕೂತನೆಂದು ಜನ ತಿಳಿದರು. ತಡೆಯಲಾರದೆ ಕೂತದ್ದು ಖರೆ, ತಡೆಯಲಾರದ್ದು ದುಃಖವಲ್ಲ.

ಆ ದಿನ ಹೇಳದೆ ಬಿಟ್ಟದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ಹೋದವರನ್ನು ಬೈಯುವುದು ಸೇರದವರು ಇಲ್ಲಿಗೇ ಓದುವುದನ್ನು ನಿಲ್ಲಿಸಬಹುದು. ನನ್ನ ಸಿಟ್ಟು ಅವರ ಜೊತೆ ಮಣ್ಣಿಗೆ ಹೋಗಲಿಲ್ಲ, ಏನು ಮಾಡಲಿ.

ಅವರು ನಮ್ಮಪ್ಪನ ಅಣ್ಣ. ಎತ್ತರದ ಆಳಲ್ಲ. ಜರಿ ಅಂಚಿನ ರುಮಾಲು, ಹಣೆಯ ತುಂಬ ವಿಭೂತಿ, ಮೊಣಕಾಲಿನವರೆಗೆ ಬರುವ ಕೋಟು, ಹೆಗಲ ಮೇಲೆ ಒಂದು ವಲ್ಲಿ. ಈ ವಲ್ಲಿ ಎಂಬ ಹೆಗಲ ವಸ್ತ್ರ ಬೇರೆಯವರಿಗೆ ಬೆವರು ಒರೆಸಿಕೊಳ್ಳಲು, ಅವರಿಗೆ ಅದು ಆಯುಧ. ಹತ್ತಿಯ ಎಳೆ ಹಿಂಜಿ ಹಿಂಜಿ ಅವರ ಬೆರಳುಗಳು ಹೆಂಗಸರ ಬೆರಳಿಗಿಂತ ನುಣುಪಾಗಿದ್ದವು. ಅಂಗೈ ಮಾತ್ರ ಅಗಲ, ಬೆಚ್ಚಗೆ, ಸದಾ ಒಂದಿಷ್ಟು ಬೆವರಿರುತ್ತಿತ್ತು. ಆ ಬೆವರಿನ ನೆನಪು ನನಗೆ ಈಗಲೂ ಹೇಸಿಗೆ ತರುತ್ತದೆ.

ಪೇಟೆಯ ಹೊರಗಿನವರಿಗೆ ನಮ್ಮ ವ್ಯಾಪಾರದ ಒಂದು ರೀತಿಯನ್ನು ಹೇಳಬೇಕು. ಹತ್ತಿಯ ದರವನ್ನು ನಾವು ಬಾಯಿಬಿಟ್ಟು ಹೇಳುವುದಿಲ್ಲ. ಕೊಳ್ಳುವವನೂ ಮಾರುವವನೂ ಎದುರಾಬದುರು ನಿಂತು ಕೈಗೆ ಕೈ ಕೊಡುತ್ತಾರೆ. ಮೇಲೆ ವಲ್ಲಿ ಹೊದಿಸುತ್ತಾರೆ. ಒಳಗೆ ಬೆರಳು ಹಿಡಿದು, ಒತ್ತಿ, ದರ ತಿಳಿಸುತ್ತಾರೆ. ಒಂದು ಬೆರಳಿಗೆ ಒಂದು ಅರ್ಥ, ಎರಡು ಬೆರಳಿಗೆ ಒಂದು ಅರ್ಥ, ಇಡೀ ಅಂಗೈ ಹಿಡಿದರೆ ಮತ್ತೊಂದು. ಸುತ್ತ ನೂರು ಜನ ನಿಂತಿದ್ದರೂ ಒಳಗಿನ ಮಾತು ಇಬ್ಬರಿಗೇ ಗೊತ್ತು. ದರ ಒಪ್ಪದಿದ್ದರೆ ಕೈ ಹಿಂದಕ್ಕೆ ಎಳೆದುಕೊಳ್ಳಬೇಕು. ಎಳೆದುಕೊಳ್ಳದೆ ಬಿಟ್ಟರೆ ಒಪ್ಪಿದ ಹಾಗೆ. ವಲ್ಲಿ ತೆಗೆದ ಮೇಲೆ ಆ ಮಾತನ್ನು ಮುರಿಯುವವನಿಗೆ ಪೇಟೆಯಲ್ಲಿ ಯಾರೂ ನೀರು ಕೊಡುವುದಿಲ್ಲ. ಕಾಗದವಿಲ್ಲ, ಸಾಕ್ಷಿಯಿಲ್ಲ, ಕೈಯೇ ಎಲ್ಲ.

ಇದರಲ್ಲಿ ದೊಡ್ಡಪ್ಪನನ್ನು ಮೀರಿಸುವವರು ಇರಲಿಲ್ಲ. ಅವರ ಜಾಣತನ ದರ ಹೇಳುವುದರಲ್ಲಿ ಇರಲಿಲ್ಲ, ಹೊತ್ತು ಕಾಯುವುದರಲ್ಲಿ ಇತ್ತು. ನಾನು ಚಿಕ್ಕವನಿದ್ದಾಗ ಅಂಗಡಿಯ ಕಟ್ಟೆಯ ಮೇಲೆ ಕೂತು ಕಣ್ಣಾರೆ ನೋಡಿದ್ದೇನೆ. ಒಬ್ಬ ರೈತ ಅವರ ದರಕ್ಕೆ ಮತ್ತೆ ಮತ್ತೆ ಕೈ ಎಳೆದುಕೊಳ್ಳುತ್ತಿದ್ದ. ಇವರು ಸುಮ್ಮನೆ ಕೈಯೊಳಗೆ ಕೈ ಇಟ್ಟುಕೊಂಡು ಮಳೆ ಬೆಳೆ ಮಾತಾಡುತ್ತ ನಿಂತರು. ಅಷ್ಟರಲ್ಲಿ ಅವನ ಬಂಡಿಯ ಎತ್ತೊಂದು ಕಣ್ಣಿ ಕಿತ್ತುಕೊಂಡು ಓಣಿಯಲ್ಲಿ ಓಡಿತು. ಅವನು ಅತ್ತ ತಿರುಗಿ, "ಏ ಹಿಡೀರಿ, ಹಿಡೀರಿ" ಎಂದ. ಕೈ ಇಲ್ಲೇ ಇತ್ತು. ಇವರು ಅಂಗೈ ಗಟ್ಟಿಯಾಗಿ ಹಿಡಿದು, ವಲ್ಲಿ ಝಾಡಿಸಿ, "ಸೌದಾ ಆತು" ಎಂದರು. ಎಲ್ಲರೂ ನಕ್ಕರು. ರೈತ ಎತ್ತು ಹಿಡಿದು ತಂದು ಚೀಲ ಇಳಿಸಿ ಹೋದ. ಮಾತಿನ ಮನುಷ್ಯ ಅಂದರೆ ಇವರು. ಎಲ್ಲ ಮಾತೂ ತಮ್ಮ ಕಡೆಗೇ ಬಿದ್ದಿರುವಾಗ ಅದನ್ನು ಮುರಿಯುವ ಗರಜೇನು ಅವರಿಗೆ.

ಅವರ ಹಾಸಿಗೆಯ ವಿಷಯವನ್ನೂ ಹೇಳಿಬಿಡುತ್ತೇನೆ. ರೈತರು ತಂದ ಪ್ರತಿ ಚೀಲದಿಂದ ಒಂದು ಹಿಡಿ ಹತ್ತಿ ಕಿತ್ತು, ಎಳೆ ಹಿಂಜಿ, ಉದ್ದ ನೋಡುವುದು ಪೇಟೆಯ ಪದ್ಧತಿ. ನೋಡಿದ ಹತ್ತಿಯನ್ನು ಕೆಲವರು ಚೀಲಕ್ಕೆ ತಿರುಗಿ ತುರುಕುತ್ತಾರೆ. ಇವರು ಹಿಂದೆ ಇಟ್ಟ ಬುಟ್ಟಿಗೆ ಎಸೆಯುತ್ತಿದ್ದರು. ಸಂಜೆಯ ಹೊತ್ತಿಗೆ ಬುಟ್ಟಿ ತುಂಬಿ ತುಳುಕುತ್ತಿತ್ತು. ವರ್ಷಕ್ಕೊಮ್ಮೆ ಪಿಂಜಾರನನ್ನು ಕರೆಸಿ ಆ ಹತ್ತಿಯಿಂದ ತಮ್ಮ ಗಾದಿ ತುಂಬಿಸಿಕೊಳ್ಳುತ್ತಿದ್ದರು. ಸುತ್ತಲಿನ ಹಳ್ಳಿಯ ಎಲ್ಲ ರೈತರ ಹತ್ತಿಯ ಮೇಲೆ ಮಲಗಿ ಅವರಿಗೆ ಎಂಥ ಸುಖದ ನಿದ್ದೆ ಬರುತ್ತಿತ್ತು ಎಂದರೆ ಗೊರಕೆ ಬೀದಿಗೆ ಕೇಳುತ್ತಿತ್ತು.

ಮಕ್ಕಳಿಲ್ಲದ ಮನುಷ್ಯ. ಅದಕ್ಕೇ ಏನೋ, ಮನೆಯಲ್ಲಿದ್ದ ಪ್ರತಿಯೊಂದು ಜೀವವೂ ತಮ್ಮದೇ ಎಂದು ತಿಳಿದಿದ್ದರು. ದೀಪಾವಳಿಗೆ ಒಂದೇ ಥಾನು ಬಟ್ಟೆ ತಂದು ಗಂಡಸರಿಗೆ ಅಂಗಿ, ಹೆಂಗಸರಿಗೆ ಕುಪ್ಪಸ, ಮಕ್ಕಳಿಗೆ ಚಡ್ಡಿ ಎಲ್ಲವನ್ನೂ ಅದರಲ್ಲೇ ಹೊಲಿಸುತ್ತಿದ್ದರು. ಯಾರದಾದರೂ ಮದುವೆಗೆ ಹೋದರೆ ನಾವು ಬ್ಯಾಂಡಿನವರ ಹಾಗೆ ಕಾಣುತ್ತಿದ್ದೆವು. ನಮ್ಮವ್ವನಿಗೆ ಹಸಿರು ಬಣ್ಣವೆಂದರೆ ಜೀವ. ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಆಕೆ ಹಸಿರು ಕುಪ್ಪಸ ತೊಟ್ಟಿದ್ದು ನಾನು ಕಾಣೆ, ಏಕೆಂದರೆ ದೊಡ್ಡಪ್ಪನಿಗೆ ಕೆಂಪು ಸೇರುತ್ತಿತ್ತು. ಅವರ ಬಾಯಲ್ಲಿ ಎಲ್ಲದಕ್ಕೂ ಒಂದೇ ಮುಕ್ತಾಯ, "ಆತು." ಮದುವೆ ಗೊತ್ತಾದರೆ ಆತು. ಕೂಸು ಅಳು ನಿಲ್ಲಿಸಿದರೆ ಆತು. ನಮ್ಮ ಅಜ್ಜಿ ಸತ್ತಾಗ ನಾಡಿ ಹಿಡಿದು ನೋಡಿದ ಅವರು ತಾಯಿಯ ಬಗ್ಗೆಯೂ ಅಂದದ್ದು ಅದೊಂದೇ ಮಾತು.

ಒಳ್ಳೆಯದೇನೂ ಮಾಡಲಿಲ್ಲವೇ ಎಂದು ಕೇಳುವವರಿದ್ದಾರೆ. ಮಾಡಿದರು. ಪ್ಲೇಗು ಬಂದ ವರ್ಷ ಊರು ಬಿಟ್ಟು ಹೊರಗೆ ಹೋಗಬೇಕಾಯಿತು. ಗೋಪನಕೊಪ್ಪದ ಬಯಲಲ್ಲಿ ನಮ್ಮ ಓಣಿಯವರಿಗೆಲ್ಲ ತಟ್ಟಿಯ ಗುಡಿಸಲು ಹಾಕಿಸಿಕೊಟ್ಟವರು ಅವರೇ. ಆದರೆ ಯಾವ ಗುಡಿಸಲಿನಲ್ಲಿ ಯಾರಿರಬೇಕು, ಯಾರು ಯಾವಾಗ ನೀರಿಗೆ ಹೋಗಬೇಕು, ಯಾರ ಒಲೆ ಮೊದಲು ಹೊತ್ತಬೇಕು, ಎಲ್ಲವನ್ನೂ ಅವರೇ ಗೊತ್ತು ಮಾಡಿದರು. ಊರಿಗೆ ಮರಳಿದ ಮೇಲೆ ಒಬ್ಬ ಮುದುಕ, "ಪ್ಲೇಗ ಬಿಟ್ಟಿತಪಾ, ಸಾವಕಾರ್ರು ಬಿಡವಲ್ರು" ಎಂದಿದ್ದ. ಅವರ ಉಪಕಾರಕ್ಕೂ ಅವರ ವ್ಯಾಪಾರದ ಹಾಗೆಯೇ ಒಂದು ಹಿಡಿತವಿತ್ತು.

ಇನ್ನು ನನ್ನ ಮಾತು. ಆಗ ನಾನು ಧಾರವಾಡದ ಕಾಲೇಜಿನಲ್ಲಿ ಇಂಟರ್ ಓದುತ್ತಿದ್ದೆ. ಓದಿನಲ್ಲಿ ಹಿಂದೆ ಬಿದ್ದವನಲ್ಲ. ಮುಂದೇನು ಎಂಬುದೊಂದು ಮಾತ್ರ ಗೊತ್ತಿರಲಿಲ್ಲ. ಜೊತೆಯ ಹುಡುಗರಿಗೆಲ್ಲ ಗೊತ್ತಿತ್ತು. ಒಬ್ಬನಿಗೆ ವಕೀಲಿ, ಒಬ್ಬನಿಗೆ ಮುಂಬಯಿಗೆ ಹೋಗಿ ಡಾಕ್ಟರಕಿ, ಒಬ್ಬ ಖಾದಿ ತೊಟ್ಟು ಕಾಲೇಜನ್ನೇ ಬಿಡುವವನಿದ್ದ. ನಾನು ಬೆಳಿಗ್ಗೆ ವಕೀಲನಾಗುತ್ತಿದ್ದೆ, ಸಂಜೆ ಮಾಸ್ತರನಾಗುತ್ತಿದ್ದೆ. ಜೀವಶಾಸ್ತ್ರದ ಪ್ರಾಧ್ಯಾಪಕರು ಕಪ್ಪೆ ಕೊಯ್ದು ತೋರಿಸಿದರೆ ತಲೆ ತಿರುಗುತ್ತಿತ್ತು. ಅವರೇ ಕಾಲೇಜಿನ ಗುಡ್ಡದ ಹಿಂದೆ ಹಕ್ಕಿ ತೋರಿಸಲು ಕರೆದೊಯ್ದರೆ ಮರಳಿ ಬರಲು ಮನಸ್ಸಾಗುತ್ತಿರಲಿಲ್ಲ. ಅದರಿಂದ ಹೊಟ್ಟೆ ಹೇಗೆ ತುಂಬುತ್ತದೆ ಎಂದು ನನಗೆ ತಿಳಿದಿರಲಿಲ್ಲ. ಕೇಳಲು ಸಂಕೋಚ.

ನಮ್ಮಪ್ಪ ಮೆದು ಮನುಷ್ಯ. ಅಣ್ಣನ ಮುಂದೆ ದನಿ ಎತ್ತಿದವನಲ್ಲ. ಆದರೂ ನನ್ನ ವಿಷಯದಲ್ಲಿ ಒಂದು ಮಾತು ಕೊಟ್ಟಿದ್ದ.

"ನಾತಾಳ ಸೂಟಿ ಮುಗಿಯೂದರಾಗ ವಿಚಾರ ಮಾಡಿ ಹೇಳು," ಎಂದಿದ್ದ. "ವಕೀಲಿ ಅಂದ್ರ ವಕೀಲಿ, ಡಾಕ್ಟರಕಿ ಅಂದ್ರ ಡಾಕ್ಟರಕಿ. ಗೊತ್ತಾಗಲಿಲ್ಲ ಅಂದ್ರ ಇನ್ನೂ ಓದು, ಗೊತ್ತಾದ ಮ್ಯಾಲೆ ಹೇಳು. ಅಣ್ಣಗ ನಾ ಹೇಳ್ತೇನಿ."

ಇನ್ನೂ ಓದು ಎಂಬ ಆ ಎರಡು ಮಾತು ನನಗೆ ಜೀವದಷ್ಟು ದೊಡ್ಡದಾಗಿತ್ತು. ಗೊತ್ತಿಲ್ಲದೆ ಇರಲು ನನಗೊಂದಿಷ್ಟು ಹೊತ್ತು ಸಿಕ್ಕಿತ್ತು. ನಾನು ಸಂತೋಷದಿಂದ ಕ್ರಿಸ್ಮಸ್ಸಿನ ಆ ಸೂಟಿಗೆ ಹುಬ್ಬಳ್ಳಿಗೆ ಬಂದೆ.

ಬಂದ ಮರುದಿನವೇ ದೊಡ್ಡಪ್ಪ ಪಡಸಾಲೆಯಲ್ಲಿ ನಿಂತು ಸಾರಿದರು. "ನಾಳೆ ಎಲ್ಲಾರೂ ಶಿರಗುಪ್ಪಿ ಹೊಲಕ್ಕ ನಡೀರಿ. ಸೀತನಿ ತಿನ್ನೂಣು. ಚಿಗರಿ ಹಿಂಡ ತೋರಸ್ತೇನಿ."

ಶಿರಗುಪ್ಪಿಯಲ್ಲಿ ನಮಗೆ ಎರೆ ಹೊಲವಿತ್ತು. ಆ ಬಯಲಿನಲ್ಲಿ ಆಗ ಚಿಗರಿಗಳು, ಪುಸ್ತಕದವರು ಕೃಷ್ಣಮೃಗ ಎನ್ನುವ ಜಿಂಕೆಗಳು, ಹಿಂಡು ಹಿಂಡಾಗಿ ತಿರುಗುತ್ತಿದ್ದವು. ಕಡಲೆ ಹೊಲವೆಂದರೆ ಅವಕ್ಕೆ ಹಬ್ಬ. ದೊಡ್ಡಪ್ಪನಿಗೆ ಅವುಗಳ ಮೇಲೆ ಎಂಥ ಸಿಟ್ಟಿತ್ತೆಂದು ನಮಗೆಲ್ಲ ಗೊತ್ತಿದ್ದುದರಿಂದ, ಅವುಗಳನ್ನು ತೋರಿಸಲು ಕರೆದೊಯ್ಯುತ್ತಾರೆ ಎಂದಾಗ ಆಶ್ಚರ್ಯವಾಯಿತು. ಅವ್ವ ಮಾತ್ರ ಸಣ್ಣ ಹುಡುಗಿಯ ಹಾಗೆ ಹಿಗ್ಗಿದಳು. ಮದುವೆಯಾಗಿ ಬಂದ ಮೇಲೆ ಆಕೆ ಆ ಹೊಲ ಕಂಡಿರಲಿಲ್ಲ. ಬೆಳಗಿನ ಜಾವಕ್ಕೇ ಸಜ್ಜೆ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಎರಡು ಬಂಡಿಯಲ್ಲಿ ಹೊರಟೆವು.

ಅಲ್ಲಿಗೆ ಹೋದ ಮೇಲೆ ದೊಡ್ಡಪ್ಪ ನಮ್ಮನ್ನು ಬೇವಿನ ಗಿಡದ ಕೆಳಗೆ ಪಂಕ್ತಿಯ ಊಟಕ್ಕೆ ಕೂಡಿಸುವ ಹಾಗೆ ಸಾಲಾಗಿ ಕೂಡಿಸಿದರು. ಎಲ್ಲರೂ ಕಡಲೆ ಹೊಲದ ಕಡೆ ಮುಖ ಮಾಡಬೇಕು. ಯಾರೂ ಕೆಮ್ಮಬಾರದು, ಏಳಬಾರದು. ಹೀಗೆ ಹೇಳಿ ಅವರೇ ಗಟ್ಟಿ ದನಿಯಲ್ಲಿ ಹತ್ತಿಯ ಪೇಟೆಯ ಕಥೆ ಶುರು ಮಾಡಿದರು. ಅಂಗಡಿಯಲ್ಲಿ ವಲ್ಲಿಯ ಕೆಳಗೆ ಮೂಕರ ಹಾಗೆ ಇರುವ ಮನುಷ್ಯ, ಹೊರಗೆ ಬಂದರೆ ಬಾಯಿ ಮುಚ್ಚಿದ್ದೇ ಇಲ್ಲ. ಒಂದು ಚಿಗರಿಯೂ ಬರಲಿಲ್ಲ. ಬಿಸಿಲೇರಿತು. ಅವರಿಗೆ ಸಿಟ್ಟು ಬಂತು.

"ನಮ್ಮ ಹೊಲದ ಕಡ್ಲಿ ತಿಂದು ಕೊಬ್ಬ್ಯಾವ," ಎಂದರು. "ನಮಗ ಮಾರಿ ತೋರಸಾಕ ಏನಾಗೇತಿ ಅವಕ್ಕ."

ಅಪ್ಪ ಮೆಲ್ಲಗೆ, "ಅಣ್ಣಾ, ಸಪ್ಪಳ ಕೇಳಿದ್ರ ಬರೂದಿಲ್ಲ ಅವು" ಎಂದ.

"ನನ್ನ ಹೊಲದಾಗ ನಾ ಮಾತಾಡಾಕ ಚಿಗರಿ ಹುಕುಂ ಕೇಳಲೇನು?"

ಮಧ್ಯಾಹ್ನ ಉಂಡೆವು. ಹೊಲದ ಆಳು ಹಸಿ ಜೋಳದ ತೆನೆ ಸುಟ್ಟು, ಬಡಿದು, ಬಿಸಿ ಬಿಸಿ ಸೀತನಿ ತಂದು ಮುಂದಿಟ್ಟ. ಬೆಲ್ಲ, ಶೇಂಗಾ ಚಟ್ನಿಯ ಜೊತೆ ತಿನ್ನುತ್ತ ಕೂತಾಗ ದೊಡ್ಡಪ್ಪನ ಮನಸ್ಸು ತಿಳಿಯಾಯಿತು. ನನ್ನನ್ನು ಕರೆದು ಎದುರಿಗೆ ಕೂಡಿಸಿಕೊಂಡರು. ನನ್ನ ಬೆನ್ನು ಕಡಲೆ ಹೊಲಕ್ಕೆ, ಅವರ ಮುಖ ಹೊಲಕ್ಕೆ.

"ಏನಪಾ ಕಾಲೇಜ. ಮುಂದ ಏನ ಮಾಡಾಂವ?"

"ಇನ್ನೂ ಗೊತ್ತಿಲ್ರಿ ದೊಡ್ಡಪ್ಪಾ."

"ಗೊತ್ತಿಲ್ಲಾ." ಎಲ್ಲರ ಕಡೆ ನೋಡಿ ನಕ್ಕರು. "ಇಷ್ಟ ಓದಿ ಅದೊಂದ ಗೊತ್ತಿಲ್ಲ. ಬಾ, ಕೈ ಕೊಡು. ನಾ ಗೊತ್ತ ಮಾಡ್ತೇನಿ."

ಹೆಗಲ ಮೇಲಿನ ವಲ್ಲಿ ತೆಗೆದು ನಮ್ಮಿಬ್ಬರ ಕೈ ಮೇಲೆ ಹೊದಿಸಿದರು. "ಒಂದ ಬೆರಳು ವಕೀಲಿ. ಎರಡು ಡಾಕ್ಟರಕಿ. ಪೂರಾ ಅಂಗೈ ಅಂದ್ರ ನಮ್ಮ ಅಂಗಡಿ. ಬ್ಯಾಡಾದ್ರ ಕೈ ಕಿತ್ಕೋ. ಮಾತಾಡಬ್ಯಾಡ."

ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕರು. ನನಗೂ ನಗು ಬಂತು. ಸೀತನಿ ತಿಂದು ಎಲ್ಲರೂ ಹಗುರಾಗಿದ್ದೆವು, ಇದೂ ಒಂದು ಆಟವೆಂದು ತಿಳಿದೆ. ಅವರು ಒಂದು ಬೆರಳು ಹಿಡಿದು ಒತ್ತಿದರು. ವಕೀಲರ ಕರಿ ಕೋಟು ನೆನೆದು ಕೈ ಎಳೆದುಕೊಂಡೆ. ಎಲ್ಲರೂ ನಕ್ಕರು. ಮತ್ತೆ ಕೈ ಕೊಟ್ಟೆ. ಎರಡು ಬೆರಳು ಹಿಡಿದರು. ಕೊಯ್ದ ಕಪ್ಪೆ ಕಣ್ಣ ಮುಂದೆ ಬಂತು, ಎಳೆದುಕೊಂಡೆ. ಮತ್ತೆ ನಕ್ಕರು. ಮೂರನೆಯ ಸಲ ಕೈ ಕೊಟ್ಟಾಗ ಅವರು ಏನೂ ಹಿಡಿಯಲಿಲ್ಲ. ಸುಮ್ಮನೆ ನನ್ನ ಬೆರಳುಗಳ ಮೇಲೆ ತಮ್ಮ ಬೆರಳು ಇಟ್ಟುಕೊಂಡು, ನನ್ನ ತಲೆಯ ಮೇಲಿಂದ ಆಚೆ ನೋಡುತ್ತ ಕೂತರು. ಅದೆಷ್ಟು ಹೊತ್ತೋ ಬಾಯಿ ಮುಚ್ಚಿಕೊಂಡಿದ್ದರು.

ಆಗ ಅವ್ವ ಪಿಸುಗುಟ್ಟಿದಳು. "ಅಲ್ಲಿ ನೋಡೋ."

ತಿರುಗಿ ನೋಡಿದೆ. ಜೋಳದ ಹೊಲದ ಅಂಚಿನಿಂದ ಒಂದು ಗಂಡು ಚಿಗರಿ ಹೊರಗೆ ಬಂದು ನಿಂತಿತ್ತು. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕಣ್ಣಿನ ಸುತ್ತ ಬಿಳಿಯ ಬಳೆ. ಹುರಿ ಹೊಸೆದ ಹಾಗಿದ್ದ ಎರಡು ಕೋಡು. ತಲೆ ಎತ್ತಿ ಗಾಳಿ ಮೂಸಿತು. ಅದರ ಹಿಂದೆ ಒಂದೊಂದಾಗಿ ಕಂದು ಬಣ್ಣದ ಹೆಣ್ಣು ಚಿಗರಿಗಳು ಬಂದವು. ಮರಿಗಳು ತಾಯಂದಿರ ಕಾಲೊಳಗೆ ಕಾಲು ಹಾಕುತ್ತ ಬಂದವು. ಎಷ್ಟು ಹತ್ತಿರವಿದ್ದವೆಂದರೆ ಅವು ಕಡಲೆ ಗಿಡ ಕಿತ್ತು ತಿನ್ನುವ ಸಪ್ಪಳ ಕೇಳಿಸುತ್ತಿತ್ತು. ಗಂಡು ಮಾತ್ರ ತಿನ್ನಲಿಲ್ಲ, ನಮ್ಮ ಗಿಡದ ಕಡೆಗೇ ನೋಡುತ್ತ ಕಾವಲು ನಿಂತಿತ್ತು. ನನಗೆ ಉಸಿರು ಬಿಡುವುದೂ ಮರೆತುಹೋಯಿತು. ಇದನ್ನು ನೋಡುವುದೇ ಒಬ್ಬನ ಕೆಲಸವಾಗಿದ್ದರೆ, ಅಂಥದೊಂದು ಕೆಲಸ ಎಲ್ಲಿಯಾದರೂ ಇದ್ದರೆ, ಕಾಲೇಜಿಗೆ ಹೋದ ಕೂಡಲೇ ಪ್ರಾಧ್ಯಾಪಕರನ್ನು ಕೇಳಬೇಕು ಎಂಬ ವಿಚಾರ ಮೊದಲ ಸಲ ಮನಸ್ಸಿಗೆ ಬಂತು. ಖರೇ ಹೇಳುತ್ತೇನೆ, ಅದು ಬಂದದ್ದು ಆ ಗಳಿಗೆಯಲ್ಲೇ.

"ಸೌದಾ ಆತು!"

ದೊಡ್ಡಪ್ಪ ಕೂಗಿ, ವಲ್ಲಿ ಎತ್ತಿ ಗಾಳಿಯಲ್ಲಿ ಝಾಡಿಸಿದರು. ಅವರ ಹಸ್ತ ನನ್ನ ಇಡೀ ಅಂಗೈಯನ್ನು ಹಿಡಿದಿತ್ತು, ಎಲ್ಲರಿಗೂ ಕಾಣುವ ಹಾಗೆ ಅದನ್ನು ಮೇಲೆತ್ತಿ ತೋರಿಸಿದರು. ಚಿಗರಿಗಳು ಒಮ್ಮೆಲೇ ಚಂಗನೆ ನೆಗೆದವು. ನೆಲ ಮುಟ್ಟಿಯೂ ಮುಟ್ಟದ ಹಾಗೆ ಹಾರುತ್ತ ಎರೆ ಹೊಲದ ಆಚೆ ಹೋಗಿ ಕಾಣದಾದವು.

ಮೊದಲು ನನಗೆ ಏನಾಯಿತೆಂದೇ ತಿಳಿಯಲಿಲ್ಲ. ಅಪ್ಪನ ಮುಖ ಬಿಳಿಚಿದ್ದು ಕಂಡು ತಿಳಿಯಿತು. "ದೊಡ್ಡಪ್ಪಾ, ಅದು ಆಟ ಅಲ್ರೀ?" ಎಂದೆ.

"ಆಟ ನಿನಗ," ಎಂದರು ಅವರು, ವಲ್ಲಿ ಮಡಿಸಿ ಹೆಗಲಿಗೆ ಹಾಕಿಕೊಳ್ಳುತ್ತ. "ನಾ ಯಾವತ್ತರೆ ವಲ್ಲಿ ಕೆಳಗ ಆಟ ಆಡಿದ್ದ ನೋಡೀಯೇನು?"

ಮರಳಿ ಬರುವಾಗ ದೊಡ್ಡಪ್ಪ ಮುಂದಿನ ಬಂಡಿಯಲ್ಲಿದ್ದರು, ಅಪ್ಪ, ಅವ್ವ, ನಾನು ಹಿಂದಿನದರಲ್ಲಿ. ಅವ್ವ ದೊಡ್ಡಪ್ಪನ ಎದುರಿಗೆ ಎಂದೂ ದನಿ ಎತ್ತಿದವಳಲ್ಲ. ಅಂದು ಸೆರಗು ಮುಂದಕ್ಕೆ ಎಳೆದುಕೊಂಡು, ಅಪ್ಪನಿಗೆ ಹೇಳುವ ಹಾಗೆ, ಮುಂದಿನ ಬಂಡಿಗೆ ಕೇಳುವ ಹಾಗೆ ಕೇಳಿದಳು. "ನನ್ನ ಮಗ ಏನ ಹತ್ತಿ ಚೀಲ ಏನ್ರಿ?"

ಮುಂದಿನ ಬಂಡಿಯಿಂದ ಉತ್ತರ ಬಂತು. "ಚೀಲಕ್ಕ ಒಂದ ದರಾ ಅಂತ ಇರತೈತಿ ತಂಗೀ. ಇವಗ ಇಷ್ಟ ದಿನಾ ಅದೂ ಇರಲಿಲ್ಲ. ಇವತ್ತ ಆತು."

ಈ ಮಾತಿಗಾಗಿ ನಾನು ಅವರನ್ನು ಎಂದೂ ಕ್ಷಮಿಸಲಿಲ್ಲ. ನನಗೆ ಮಾಡಿದ್ದಕ್ಕಿಂತ ಅವ್ವನಿಗೆ ಆಡಿದ ಈ ಮಾತು ದೊಡ್ಡದು. ಮಗನ ವಿಷಯದಲ್ಲಿ ಆಕೆ ಆ ಮನೆಯಲ್ಲಿ ಬಾಯಿ ತೆರೆದದ್ದು ಅದೇ ಮೊದಲು, ಅದೇ ಕೊನೆ.

ಮನೆಗೆ ಬಂದು ಕಾಲು ತೊಳೆಯುವಾಗ ಅಪ್ಪ ಹತ್ತಿರ ಬಂದು ಕೇಳಿದ. "ಕೈ ಯಾಕ ಕಿತ್ಕೊಳ್ಳಲಿಲ್ಲೋ ನೀ?"

"ನಾ ಚಿಗರಿ ನೋಡಾಕತ್ತಿದ್ದೆ ಅಪ್ಪಾ."

ಅಪ್ಪ ಚರಿಗೆಯಲ್ಲಿ ಉಳಿದ ನೀರನ್ನು ಗಿಡಕ್ಕೆ ಸುರುವಿದ. "ಪ್ಯಾಟ್ಯಾಗ ಅದನ್ನ ಯಾರೂ ಕೇಳೂದಿಲ್ಲಪಾ" ಎಂದ.

ನನ್ನ ಪರವಾಗಿ ಅವನು ಮತ್ತೆ ಮಾತೆತ್ತಲಿಲ್ಲ. ನನಗೆ ಕೊಟ್ಟ ಮಾತು ಬಾಯಿಯ ಮಾತಾಗಿತ್ತು. ಅಣ್ಣ ಹಿಡಿದದ್ದು ಕೈ. ನಮ್ಮ ಜನಕ್ಕೆ ಬಾಯಿಗಿಂತ ಕೈ ದೊಡ್ಡದು. ಆ ಕೈ ಹೇಗೆ ಸಿಕ್ಕಿತು ಎಂದು ಕೇಳುವ ರೂಢಿಯೇ ನಮ್ಮಲ್ಲಿಲ್ಲ. ಅಪ್ಪನ ಮೇಲೆ ನನಗೆ ಸಿಟ್ಟು ಬಂದಿತ್ತು, ಹೋಯಿತು. ರೂಢಿಯ ಮೇಲಿನದು ಇನ್ನೂ ಹೋಗಿಲ್ಲ.

ಸೂಟಿ ಮುಗಿದ ದಿನ ದೊಡ್ಡಪ್ಪ ತಾವೇ ನನ್ನ ಜೊತೆ ಧಾರವಾಡಕ್ಕೆ ಬಂದು ನನ್ನ ಟ್ರಂಕು ಹೊರಿಸಿಕೊಂಡು ಬಂದರು. ಪ್ರಾಧ್ಯಾಪಕರಿಗೆ ಒಂದು ಮಾತು ಹೇಳಿ ಬರುತ್ತೇನೆಂದರೆ, "ಅವರೇನ ನಿನಗ ಹತ್ತಿ ಕೊಡಾವ್ರಾ?" ಎಂದರು. ಟೇಸನ್ನಿನವರೆಗೂ ನನ್ನ ತೋಳು ಹಿಡಿದುಕೊಂಡೇ ನಡೆದರು.

ಮುಂದಿನ ವರ್ಷ ಸೀತನಿಯ ಕಾಲಕ್ಕೆ ಅವರು ಬಂದೂಕಿನ ಒಬ್ಬ ಸಾಹೇಬನನ್ನು ಅದೇ ಹೊಲಕ್ಕೆ ಕರೆದುಕೊಂಡು ಹೋದರು. ಆ ಸಲ ಗಿಡದ ಕೆಳಗೆ ಬಾಯಿ ಮುಚ್ಚಿಕೊಂಡು ಕೂತಿದ್ದರಂತೆ. ಸಾಹೇಬನ ಮೋಟಾರಿನ ಹಿಂದೆ ಕಟ್ಟಿದ್ದ ಗಂಡು ಚಿಗರಿ ನಮ್ಮ ಅಂಗಡಿಯ ಮುಂದೆ ಹಾದುಹೋದದ್ದನ್ನು ನಾನು ನೋಡಿದೆ. ಕೋಡು ನೆಲಕ್ಕೆ ಉಜ್ಜುತ್ತಿದ್ದವು. ಲಿಂಗ ಕಟ್ಟಿದವರು ಇದೇನು ಮಾಡಿದಿರಿ ಎಂದು ಯಾರೋ ಕೇಳಿದ್ದಕ್ಕೆ, "ನಾವೇನ ಮುಟ್ಟೇವೇನು? ಅವರು ತಿಂತಾರ, ನಮ್ಮ ಕಡ್ಲಿ ಉಳೀತೈತಿ" ಎಂದರು. ಸಂಜೆ ಎಂದಿನಂತೆ ಪೂಜೆಗೆ ಕೂತರು. ಅಂದು ಪೂಜೆ ತುಸು ಹೆಚ್ಚೇ ಹೊತ್ತು ನಡೆಯಿತು.

ನಾನು ಅಂಗಡಿಯಲ್ಲಿ ಬೆಳೆದೆ. ಕೆಲಸ ಕಲಿಯದೆ ಹಟ ಮಾಡೋಣವೆಂದರೆ ಅಪ್ಪನ ಮುಖ ನೋಡಿ ಆಗಲಿಲ್ಲ. ಕಲಿತೆ, ಚೆನ್ನಾಗಿಯೇ ಕಲಿತೆ. ಈಗ ಪೇಟೆಯಲ್ಲಿ ನನ್ನ ಕೈಗೆ ಕೈ ಕೊಟ್ಟವರು ವಲ್ಲಿ ತೆಗೆದ ಮೇಲೆ, "ಥೇಟ್ ದೊಡ್ಡ ಸಾವಕಾರ್ರ ಕೈ ನೋಡ್ರಿ ನಿಮ್ಮದು" ಎನ್ನುತ್ತಾರೆ. ಹೊಗಳಿಕೆ ಎಂದುಕೊಂಡು ಹೇಳುತ್ತಾರೆ ಪಾಪ. ನಾನು ಒಳಗೆ ಹೋಗಿ ಕೈ ತೊಳೆದುಕೊಳ್ಳುತ್ತೇನೆ. ಒಂದು ಮಾತ್ರ ಮಾಡುವುದಿಲ್ಲ. ವಲ್ಲಿಯ ಕೆಳಗೆ ಕೈ ಇದ್ದಾಗ ಎದುರಿನವನು ಬೇರೆ ಕಡೆ ನೋಡಿದರೆ, ಅವನು ತಿರುಗಿ ನನ್ನನ್ನು ನೋಡುವವರೆಗೂ ಬೆರಳು ಅಲುಗಿಸುವುದಿಲ್ಲ. ಇದಕ್ಕಾಗಿ ದೊಡ್ಡಪ್ಪ ನನ್ನನ್ನು ದಡ್ಡ ಎನ್ನುತ್ತಿದ್ದರು.

ಎರಡನೆಯ ಮಹಾಯುದ್ಧ ಮುಗಿದ ಮೇಲೆ ಅವರಿಗೆ ಲಕ್ವಾ ಹೊಡೆಯಿತು. ಬಾಯಿ ಹೋಯಿತು, ಬಲಗೈ ಹೋಯಿತು. ಅದೇ ಗಾದಿಯ ಮೇಲೆ, ಮೈತುಂಬ ಕೌದಿ ಹೊದ್ದು ಮಲಗಿರುತ್ತಿದ್ದರು. ಕಣ್ಣು ಮಾತ್ರ ಮೊದಲಿನ ಹಾಗೆ ಚುರುಕಾಗಿದ್ದವು. ಅವ್ವ, ಅಪ್ಪ ಇಬ್ಬರೂ ಅಷ್ಟರಲ್ಲಿ ಹೋಗಿಬಿಟ್ಟಿದ್ದರು.

ನನ್ನ ಮಗಳು ಆ ವರ್ಷ ಮ್ಯಾಟ್ರಿಕ್ ಮುಗಿಸಿದ್ದಳು. ಜಾಣೆ. ಮುಂದೇನು ಎಂದು ಕೇಳಿದರೆ ಒಮ್ಮೆ ಕಾಲೇಜು ಎನ್ನುವಳು, ಒಮ್ಮೆ ಟೀಚರ್ ಟ್ರೇನಿಂಗು ಎನ್ನುವಳು, ಒಮ್ಮೆ ಸುಮ್ಮನೆ ನಕ್ಕುಬಿಡುವಳು. ಲಕ್ವಾ ಹೊಡೆಯುವುದಕ್ಕೆ ಮೊದಲೇ ದೊಡ್ಡಪ್ಪ ಆಕೆಯ ಮೇಲೆ ಕಣ್ಣಿಟ್ಟಿದ್ದರು. ಹತ್ತಿ ಒತ್ತಿ ಗಂಟು ಕಟ್ಟುವ ಪ್ರೆಸ್ಸಿನ ಒಬ್ಬ ಮಾಲಕರ ಮನೆಗೆ ಕೊಡಬೇಕೆಂದು ಅವರ ಮನಸ್ಸು. "ಹುಡುಗೀಗೇ ಗೊತ್ತಿಲ್ಲ ಅಂದ ಮ್ಯಾಲೆ ನಾವ ಗೊತ್ತ ಮಾಡೂಣು" ಎಂದು ಒಮ್ಮೆ ನನ್ನ ಮುಂದೆಯೇ ಅಂದಿದ್ದರು. ನಾನು ಎದ್ದು ಹೋಗಿದ್ದೆ.

ಒಂದು ದಿನ ಬೆಳಿಗ್ಗೆ ಆ ಪ್ರೆಸ್ಸಿನ ಮಾಲಕರು ತಮ್ಮ ಮನೆಯ ಹಿರಿಯರನ್ನು ಕರೆದುಕೊಂಡು ದೊಡ್ಡಪ್ಪನನ್ನು ನೋಡಲು ಬಂದರು. ಎಲ್ಲರೂ ಪೇಟೆಯ ಜನ. ಗಾದಿಯ ಸುತ್ತ ಕೂತರು. ದೊಡ್ಡಪ್ಪ ಅವರನ್ನು ನೋಡಿದರು, ಬಾಗಿಲಲ್ಲಿ ನಿಂತ ನನ್ನನ್ನು ನೋಡಿದರು, ಗಂಟಲೊಳಗೆ ಏನೋ ಸಪ್ಪಳ ಮಾಡಿದರು. ತಲೆದಿಂಬಿನ ಹತ್ತಿರ ಕೂತಿದ್ದ ಅವರ ಹೆಂಡತಿ, ನಮ್ಮ ದೊಡ್ಡವ್ವ, ನನ್ನನ್ನು ಕರೆದಳು. "ಬಾರಪಾ ಇಲ್ಲೆ. ನಿನ್ನನ್ನ ಕರಿಯಾಕತ್ತಾರ. ಕೈ ಕೇಳಾಕತ್ತಾರ ನೋಡು."

ಹತ್ತಿರ ಹೋಗಿ ಕೂತೆ. ದೊಡ್ಡವ್ವ ನನ್ನ ಕೈ ಹಿಡಿದು ಕೌದಿಯ ಕೆಳಗೆ ಇಟ್ಟಳು. ಒಳಗೆ ಅವರ ಎಡಗೈ ತಡಕಾಡಿ ನನ್ನ ಕೈ ಹುಡುಕಿತು. ಆ ಬೆವರು, ಆ ನುಣುಪು, ಹಾಗೆಯೇ ಇತ್ತು. ಒಂದು ಬೆರಳಿಲ್ಲ, ಎರಡು ಬೆರಳಿಲ್ಲ. ಇಡೀ ಅಂಗೈ ಹಿಡಿದರು. ಅಷ್ಟು ಬಲ ಆ ಮೈಯಲ್ಲಿ ಎಲ್ಲಿ ಉಳಿದಿತ್ತೋ. ಪ್ರೆಸ್ಸಿನ ಮಾಲಕರು ಕೌದಿಯನ್ನೇ ನೋಡುತ್ತಿದ್ದರು. ಕೈ ಅಲ್ಲೇ ಉಳಿದರೆ ಮಗಳನ್ನು ಆ ಮನೆಗೆ ಕೊಡಲು ನಾನು ಒಪ್ಪಿದ ಹಾಗೆ ಎಂದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು. ನನಗೆ ದಯೆ ಬರಬೇಕಾಗಿತ್ತು ಎನ್ನುವವರು ಎನ್ನಲಿ. ಸಾಯುವ ಮನುಷ್ಯನ ಕೈಯಲ್ಲಿ ಒಂದು ಗಳಿಗೆ ಕೈ ಇರಲಿ ಬಿಡು ಎಂದು ನನ್ನ ಜಾಗದಲ್ಲಿ ಬೇರೆಯವರಾಗಿದ್ದರೆ ಬಿಡುತ್ತಿದ್ದರೇನೋ. ನಾನು ಅವರ ಕಣ್ಣನ್ನೇ ನೋಡಿದೆ, ಬೇರೆಲ್ಲೂ ನೋಡಲಿಲ್ಲ. ಕೈ ಎಳೆದುಕೊಂಡೆ.

ಅವರು ಮತ್ತೆ ಹುಡುಕಿದರು. ಕೌದಿ ಒಳಗಿಂದ ಅಲುಗಿತು. ನಾನು ಎರಡೂ ಕೈಯನ್ನು ಎಲ್ಲರಿಗೂ ಕಾಣುವ ಹಾಗೆ ನನ್ನ ಮೊಣಕಾಲ ಮೇಲೆ ಇಟ್ಟುಕೊಂಡು ಕೂತೆ. ಪ್ರೆಸ್ಸಿನ ಮಾಲಕರು ಕೆಮ್ಮಿ, ಔಷಧ ಯಾವುದು ನಡೆದಿದೆ ಎಂದು ದೊಡ್ಡವ್ವನನ್ನು ಕೇಳಿದರು.

ಹೊರಗೆ ಪಡಸಾಲೆಯಲ್ಲಿ ಮಗಳು ಕೂತಿದ್ದಳು. "ಏನಂದ್ರಪಾ ದೊಡ್ಡಜ್ಜಾರು?" ಎಂದು ಕೇಳಿದಳು.

"ಸೌದಾ ಆಗಲಿಲ್ಲ."

ಆಕೆಗೆ ಅರ್ಥವಾಗಲಿಲ್ಲ. ಆಗಬೇಕಾಗಿಯೂ ಇರಲಿಲ್ಲ. "ನೀ ಮುಂದ ಏನ ಮಾಡಾಕಿ ಅಂತ ವಿಚಾರ ಮಾಡಿದಿ?" ಎಂದೆ.

"ಇನ್ನೂ ಗೊತ್ತಿಲ್ಲಪಾ," ಎಂದು ತಲೆ ಕೆಳಗೆ ಹಾಕಿದಳು.

"ಇರಲಿ," ಎಂದೆ. "ಗೊತ್ತಾದ ಮ್ಯಾಲೆ ಹೇಳು."